ಒಂದೇ ಡಿಸ್ಕ್‌ನಲ್ಲಿ ವಿಂಡೋಸ್ ಜೊತೆ ಉಬುಂಟು: ಜಾಗ ಮಾಡುವುದು ಹೇಗೆ?

ವಿಂಡೋಸ್ ಇರುವ ಕಂಪ್ಯೂಟರಿನಲ್ಲೇ ಉಬುಂಟು (ಲಿನಕ್ಸ್ ಬಗೆಯ ಒಂದು ಆಪರೇಟಿಂಗ್ ಸಿಸ್ಟಮ್) ಕೂಡ ಹಾಕಬೇಕಾದರೆ ಡಿಸ್ಕ್‌ನಲ್ಲಿ ಅದಕ್ಕೆ ಜಾಗ ಬಿಡಿಸಬೇಕು. ಉಡುಪಿ ಕಡೆ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೂರುವುದಾದರೆ ಲ್ಯಾಪ್‌ಟಾಪ್ ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಕೈ ಹಾಕಲೇಬೇಡಿ. ಆಟಿ ತಿಂಗಳ ಒಂದು ಸಂಜೆ, ಬ್ಯಾಟರಿ ಕೆಟ್ಟ ಹಳೇ ಲ್ಯಾಪ್‌ಟಾಪಿನಲ್ಲಿ ಪಾರ್ಟಿಷನ್ ಮಾಡುತ್ತಾ, ಅಂದರೆ ಡಿಸ್ಕನ್ನು ಭಾಗ ಮಾಡುತ್ತಾ ಕೂತಿದ್ದೆ, ಜೋರು ಗಾಳಿಮಳೆ, ಅರ್ಧದಲ್ಲಿ ಕರೆಂಟ್ ಹೋಯಿತು. ಮನೆಯ ಕೋಲದ ಫೋಟೋಗಳೆಲ್ಲ ಹೋದವು. ಬೇರೆಲ್ಲೂ ಕಾಪಿ ಇರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಬೇಕಾದ್ದನ್ನೆಲ್ಲ ಮೊದಲು ಹೊರಗಿನ ಡಿಸ್ಕ್‌ಗೆ ಹಾಕಿ, ಬೇರೆ ಕಂಪ್ಯೂಟರ್‌ನಲ್ಲಿ ಒಂದೆರಡು ಫೈಲ್ ತೆರೆದು ನೋಡಿ.

ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕಿಡುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಂಡು ಆಫ್ ಮಾಡಿ. ಫಾಸ್ಟ್ ಸ್ಟಾರ್ಟ್‌ಅಪ್ ಕೂಡ ಆಫ್ ಆಗಲಿ, ಇಲ್ಲದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ.

ಈಗ ಜಾಗ. ಸಿ ಡ್ರೈವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ, ಅದೇ ಸುರಕ್ಷಿತ. ಸಿ ಮೇಲೆ ರೈಟ್ ಕ್ಲಿಕ್, ಆಮೇಲೆ ಶ್ರಿಂಕ್ ವಾಲ್ಯೂಮ್. ಅಲ್ಲಿ ಅಳತೆ ಕೇಳುವುದು ಎಂಬಿಯಲ್ಲಿ. 60 ಜಿಬಿ ಬೇಕಿದ್ದರೆ 61440 ಅಂತ ಹಾಕಬೇಕು, 60 ಅಂತ ಹಾಕಿದರೆ 60 ಎಂಬಿಯೇ ಸಿಗುತ್ತದೆ. ಕೆಲವೊಮ್ಮೆ ಸಿಯಲ್ಲಿ 200 ಜಿಬಿ ಖಾಲಿ ಇದ್ದರೂ ಹತ್ತಿಪ್ಪತ್ತು ಜಿಬಿಗಿಂತ ಜಾಸ್ತಿ ಬಿಟ್ಟುಕೊಡುವುದಿಲ್ಲ. ಗಾಬರಿ ಬೇಡ. ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸುವುದು), ಹೈಬರ್ನೇಷನ್ ಫೈಲ್ (ನಿದ್ದೆಗೆ ಹೋಗುವಾಗ ಮೆಮೊರಿಯಲ್ಲಿದ್ದದ್ದನ್ನು ಉಳಿಸಿಡುವುದು) ಥರದವು ಡ್ರೈವಿನ ನಡುವೆ ಕೂತಿರುತ್ತವೆ, ವಿಂಡೋಸ್ ನಡೆಯುತ್ತಿರುವಾಗ ಅವನ್ನು ಸರಿಸಲು ಆಗುವುದಿಲ್ಲ. ಅವೆರಡನ್ನೂ ಸಿಸ್ಟಮ್ ರಿಸ್ಟೋರನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ, ರಿಸ್ಟಾರ್ಟ್ ಮಾಡಿ ಮತ್ತೆ ಪ್ರಯತ್ನಿಸಿ. ಕೆಲಸ ಮುಗಿದ ಮೇಲೆ ಮತ್ತೆ ಆನ್ ಮಾಡಲು ಮರೆಯಬೇಡಿ.

ಬಿಡಿಸಿದ ಜಾಗ ಕಪ್ಪು ಪಟ್ಟಿಯ ಕೆಳಗೆ ಅನ್‌ಅಲೊಕೇಟೆಡ್ ಅಂತ ಕಾಣುತ್ತದೆ. ಹಾಗೇ ಬಿಡಿ, ಸುಮ್ನೆ ಹೊಸ ಡ್ರೈವ್ ಮಾಡಬೇಡಿ.

ಉಬುಂಟು ಹಾಕಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ವಿಂಡೋಸ್ ಪಕ್ಕದಲ್ಲೇ ಹಾಕುವ ಆಯ್ಕೆ ಬಂದರೆ ಅದೇ ಸಾಕು. ಕೈಯಾರೆ ಮಾಡುವುದಾದರೆ ಆ ಖಾಲಿ ಜಾಗವನ್ನು ಇಎಕ್ಸ್‌ಟಿ4 (ಲಿನಕ್ಸ್‌ನ ಫೈಲ್ ಸಿಸ್ಟಮ್) ಮಾಡಿ ರೂಟ್‌ಗೆ, ಅಂದರೆ ಉಬುಂಟು ಕೂರುವ ಮುಖ್ಯ ಜಾಗಕ್ಕೆ (/) ಕೊಡಿ. ಸ್ವಾಪ್‌ಗೆ (ಮೆಮೊರಿ ಸಾಲದಾಗ ಡಿಸ್ಕ್‌ನಲ್ಲಿ ಬಳಸುವ ಜಾಗ) ಬೇರೆ ಪಾರ್ಟಿಷನ್ ಬೇಡ, ಈಗ ಉಬುಂಟು ಅದನ್ನು ಫೈಲ್ ಆಗಿಯೇ ಇಟ್ಟುಕೊಳ್ಳುತ್ತದೆ. ಪಟ್ಟಿಯಲ್ಲಿ ಒಂದೆರಡು ನೂರು ಎಂಬಿಯ ಸಣ್ಣ ಇಎಫ್‌ಐ ಪಾರ್ಟಿಷನ್ ಕಾಣುತ್ತದಲ್ವಾ, ಅದನ್ನು ಮಾತ್ರ ಫಾರ್ಮ್ಯಾಟ್ ಮಾಡಬೇಡಿ. ವಿಂಡೋಸ್ ಬೂಟ್ ಆಗುವುದೇ ಅದರಿಂದ.

ಆಮೇಲೆ ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇರಬಹುದು. ಲಿನಕ್ಸ್ ಕಂಪ್ಯೂಟರಿನ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣಿತ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಡಿಸ್ಕ್ ಕೆಟ್ಟಿಲ್ಲ. ಲಿನಕ್ಸ್‌ನಲ್ಲಿ ಲೋಕಲ್ ಟೈಮ್‌ಗೆ ಬದಲಾಯಿಸಿದರೆ ಸರಿಹೋಗುತ್ತದೆ.