ಹೇಳಿದ ಡೇಟಿಗೇ ಬ್ಲೌಸ್ ಕೊಡೋ ಅಭ್ಯಾಸ ಹೇಗೆ ಕೂತ್ಕೊಂತು: ನನ್ನ ಅನುಭವ

ಟೈಲರ್ ಅಂದ್ಮೇಲೆ ಡೇಟ್ ತಪ್ಪೋದು ಮಾಮೂಲಿ ಅಂತ ಜನ ಮಾತಾಡ್ಕೊಳ್ತಾರೆ, ನಮ್ಮ ಫೀಲ್ಡಲ್ಲಿರೋರೇ ಅದನ್ನ ಒಪ್ಕೊಂಡುಬಿಟ್ಟಿದ್ದಾರೆ. ನಾನು ತುಮಕೂರಲ್ಲಿ ಮನೇಲೇ ಹೊಲಿಯೋದು, ಹತ್ತು ಹನ್ನೊಂದು ವರ್ಷ ಆಯ್ತು. 2024ರ ಶ್ರಾವಣ, 2025ರ ಶ್ರಾವಣ ಎರಡೂ ಸೀಸನ್ನಲ್ಲಿ ಬೆರಳೆಣಿಕೆಯಷ್ಟು ಬಿಟ್ರೆ ಯಾವ ಬಟ್ಟೇನೂ ಡೇಟ್ ದಾಟಿಲ್ಲ. ಡೇಟಿಗೇ ಕೊಡ್ತೀನಿ ಅಂತ ಶುರು ಮಾಡಿದಾಗ ನನಗೆ ಹೊಲಿಗೆ ಕಲಿಸಿದ ಅಕ್ಕನೇ "ಇದೆಲ್ಲ ಎರಡು ತಿಂಗಳ ಉತ್ಸಾಹ ಕಣೆ, ಹಬ್ಬ ಬಂದಾಗ ನೋಡೋಣ" ಅಂದಿದ್ರು, ನಮ್ಮನೆಯವರೂ ನಂಬಿರಲಿಲ್ಲ. ಈಗ ಆ ಅಕ್ಕನೇ ಫೋನ್ ಮಾಡಿ ಹೇಗೆ ಮಾಡ್ತೀಯ ಅಂತ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಕಟಿಂಗ್ ಹೇಗೆ, ಲೈನಿಂಗ್ ಹೇಗೆ ಅಂತೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ. ಮೊದಲು ಏನೇನಕ್ಕೆ ದುಡ್ಡು ಹೋಯ್ತು ಅಂತ ಹೇಳ್ತೀನಿ.

ಫೋನಲ್ಲಿ ಅಭ್ಯಾಸದ ಆ್ಯಪ್ ಒಂದು ಹಾಕ್ಕೊಂಡೆ, ವರ್ಷಕ್ಕೆ ಏಳೆಂಟು ನೂರು ಕಟ್ಟಿದ್ದೆ. ದಿನಾ ಟಿಕ್ ಹಾಕ್ತಾ ಹೋದ್ರೆ ಸರಪಳಿ ಬೆಳೆಯತ್ತೆ, ಒಂದು ದಿನ ತಪ್ಪಿದ್ರೆ ಮತ್ತೆ ಸೊನ್ನೆಯಿಂದ ಶುರು. ನಮ್ಮ ಕೆಲಸಕ್ಕೆ ಅದು ಆಗಲ್ಲ ಕಣ್ರೀ, ಮನೇಲಿ ಒಬ್ಬರಿಗೆ ಜ್ವರ ಬಂದ್ರೆ ಮುಗೀತು, ಸೊನ್ನೆ ನೋಡಿದ ಕೂಡಲೇ ಇಡೀ ವಾರದ ಮನಸ್ಸೇ ಹೋಗತ್ತೆ. ಆಮೇಲೆ 25 ನಿಮಿಷ ಕೆಲಸ 5 ನಿಮಿಷ ಬಿಡುವು ಅನ್ನೋದು, ಅದಕ್ಕೂ ಟೈಮರ್ ತಂದೆ. ಆಫೀಸ್ ಕೆಲಸಕ್ಕೆ ಸರಿಹೋಗಬಹುದು, ಆದ್ರೆ ತೋಳು ಕೂರಿಸ್ತಾ ಇರೋವಾಗ, ಸುಕ್ಕು ಬರದಂಗೆ ಎರಡೂ ಬಟ್ಟೆ ಕೈಯಲ್ಲಿ ಹಿಡ್ಕೊಂಡು ತಿರುಗಿಸ್ತಾ ಇರೋವಾಗ ಗಂಟೆ ಹೊಡೆದ್ರೆ ಅಲ್ಲೇ ಬಿಟ್ಟು ಏಳಕ್ಕಾಗತ್ತಾ? ಎದ್ದು ಬಂದು ಮತ್ತೆ ಕೂತ್ರೆ ತೋಳಿನ ಮೇಲ್ಭಾಗ ಕಾಲಿಂಚು ಜರುಗಿರತ್ತೆ. ಅಲ್ಲಿಂದ ನಾನು ನಿಮಿಷದ ಲೆಕ್ಕ ಬಿಟ್ಟೆ, ಹಂತದ ಲೆಕ್ಕ ಹಿಡಿದೆ. ಲೈನಿಂಗ್ ಕೂಡಿಸೋದು ಒಂದು ಹಂತ, ಡಾಟ್ (ಎದೆ ಭಾಗದ ಮಡಿಕೆ ಹೊಲಿಗೆ) ಮತ್ತೆ ಪಟ್ಟಿ ಒಂದು, ಕುತ್ತಿಗೆ ಒಂದು, ತೋಳು ಮತ್ತೆ ಸೈಡ್ ಒಂದು. ಹಂತ ಮುಗಿದ ಮೇಲೇ ಏಳೋದು, ಬಾಗಿಲಲ್ಲಿ ಯಾರು ಕೂಗಿದ್ರೂ.

ದಂಡದ ಡಬ್ಬಿನೂ ಇಟ್ಟಿದ್ದೆ, ಬೆಳಿಗ್ಗೆ ಮಷಿನ್ ಮುಂದೆ ಕೂರದಿದ್ರೆ 20 ರೂಪಾಯಿ. ತಿಂಗಳಿಗೆ ಮುನ್ನೂರು ಚಿಲ್ಲರೆ ಸೇರ್ತು, ಗ್ಯಾಸ್ ಸಿಲಿಂಡರ್ ಬಂದಾಗ ಅದೇ ದುಡ್ಡು ಕೊಟ್ಟಿದ್ದಾಯ್ತು. ದಂಡ ಕಟ್ಟಿದ ಮೇಲೆ ತಪ್ಪು ಮಾಫಿ ಆದಂಗೆ ಅನ್ಸತ್ತೆ, ಅಷ್ಟೇ. ಟೈಲರ್ ಹೆಂಗಸರೇ ಸೇರಿ 21 ದಿನದ ಚಾಲೆಂಜ್ ಒಂದು ವಾಟ್ಸಾಪಲ್ಲಿ ಮಾಡಿದ್ವಿ, 22ನೇ ದಿನಕ್ಕೆ ಎಲ್ಲಾರೂ ಹಳೇ ದಾರಿಗೇ ವಾಪಸ್. ಈ 21 ದಿನ ಅನ್ನೋದನ್ನ ದಯವಿಟ್ಟು ನಂಬಬೇಡಿ. ಲಂಡನ್ನಲ್ಲಿ 96 ಜನರ ಮೇಲೆ ಮಾಡಿದ ಅಧ್ಯಯನ ಒಂದಿದೆ, ನನ್ನ ಮಗಳು ತೋರಿಸಿದ್ಲು, ಅಭ್ಯಾಸ ತಾನಾಗೇ ಬರೋ ಮಟ್ಟಕ್ಕೆ ಹೋಗೋದಕ್ಕೆ ಸರಾಸರಿ 66 ದಿನ, ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೂ ಲೆಕ್ಕ ಬಂದಿತ್ತು. ಮಧ್ಯೆ ಒಂದು ದಿನ ತಪ್ಪಿದ್ರೆ ಏನೂ ಹಾಳಾಗಲ್ಲ ಅಂತಾನೂ ಅದರಲ್ಲೇ ಇದೆ. ಆ ಒಂದು ಮಾತು ನನಗೆ ಆ್ಯಪ್‌ಗಿಂತ ಜಾಸ್ತಿ ಉಪಯೋಗಕ್ಕೆ ಬಂತು.

ಡೇಟ್ ತಪ್ಪೋದ್ರಿಂದ ಆಗ್ತಿದ್ದ ನಷ್ಟಾನ ನಾವು ಯಾರೂ ಬರೆದಿಡಲ್ಲ. ನಾನು ಒಂದು ವರ್ಷದ್ದು ನೆನಪಲ್ಲೇ ಕೂಡಿಸಿ ನೋಡಿದೆ, ಲೇಟಾಯ್ತು ಅಂತ 50, 100 ಬಿಟ್ಟುಕೊಟ್ಟಿದ್ದು, ಫಾಲ್ಸ್ ಪಿಕೊ ಫ್ರೀಯಾಗಿ ಮಾಡ್ಕೊಟ್ಟಿದ್ದು, ಕೊನೇ ರಾತ್ರಿ ಅರ್ಜೆಂಟ್ ಅಂತ ಇನ್ನೊಬ್ಬರ ಹತ್ರ ಕಾಜ ಹುಕ್ ಡಬಲ್ ರೇಟ್ ಕೊಟ್ಟು ಹಾಕಿಸಿದ್ದು, ಎಲ್ಲ ಸೇರಿ ಹದಿನೈದು ಸಾವಿರದ ಮೇಲೇ ಹೋಗಿತ್ತು. ಒಂದು ಮದುವೆ ಮನೆ ಐದು ಬ್ಲೌಸ್ ಕೈ ತಪ್ಪಿದ್ದು ಬೇರೆ, ಅವರ ಜೊತೆ ಅವರ ನೆಂಟರೂ ಹೋದ್ರು.

ಈಗ ಕೆಲಸ ಮಾಡಿದ್ದು ಏನು ಅಂದ್ರೆ, ಎರಡು. ಬೆಳಿಗ್ಗೆ ರಂಗೋಲಿ, ಹಿಂದಿನ ರಾತ್ರಿ ನಾಲ್ಕಿಂಚು ಹೊಲಿಗೆ.

ಅಲಾರಾಂ ಇಟ್ಟು ನಾಲ್ಕೂವರೆಗೆ ಏಳೋದನ್ನ ಎಷ್ಟೋ ಸಲ ಮಾಡಿ ಬಿಟ್ಟಿದ್ದೆ. ಆದ್ರೆ ಮದುವೆ ಆದಾಗಿಂದ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡೋದು ಮಾತ್ರ ತಪ್ಪಿಲ್ಲ, ಅದಕ್ಕೆ ಯಾವ ಅಲಾರಾಮೂ ಬೇಕಿಲ್ಲ. ಅದಕ್ಕೇ ಗಂಟು ಹಾಕ್ದೆ, ರಂಗೋಲಿ ಡಬ್ಬಿ ಒಳಗಿಟ್ಟು ಕೈ ತೊಳೆದು ಒರೆಸ್ಕೊಂಡ ತಕ್ಷಣ ಸೀದಾ ಮಷಿನ್ ಮುಂದೆ. ಕಾಫಿ ಆಮೇಲೆ, ಫೋನ್ ಬೀರು ಒಳಗೆ, ಏಳೂಕಾಲಿಗೆ ತಿಂಡಿಗೆ ಏಳೋದು.

ಆದ್ರೆ ಮಷಿನ್ ಮುಂದೆ ಕೂತ್ಮೇಲೆ "ಯಾವುದು ಹೊಲೀಲಿ" ಅಂತ ಬಟ್ಟೆ ಗಂಟು ಬಿಚ್ಚಿ ನೋಡೋದ್ರಲ್ಲೇ, ಮ್ಯಾಚಿಂಗ್ ದಾರ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗ್ತಿತ್ತು. ಅದಕ್ಕೆ ರಾತ್ರಿ ಕೆಲಸ. ಪಾತ್ರೆ ತೊಳೆದಾದ ಮೇಲೆ ಹತ್ತು ನಿಮಿಷ, ನಾಳೆ ಮೊದಲು ಹೊಲಿಯೋ ಬ್ಲೌಸಿನ ಮುಂಭಾಗ, ಹಿಂಭಾಗ, ತೋಳು, ಪಟ್ಟಿ ಎಲ್ಲ ಒಂದರ ಮೇಲೊಂದು ಮಡಚಿ ಅಳತೆ ಚೀಟಿ ಪಿನ್ ಮಾಡಿ ಮಷಿನ್ನಿನ ಎಡಗಡೆ ಇಡ್ತೀನಿ, ದಾರ ಪೋಣಿಸ್ತೀನಿ, ಬಾಬಿನ್ (ಕೆಳಗಿನ ದಾರದ ಉರುಳೆ) ತುಂಬ್ತೀನಿ, ಲೈನಿಂಗ್ ಬಟ್ಟೆಯ ಭುಜದ ಜಾಯಿಂಟಲ್ಲಿ ಒಂದು ನಾಲ್ಕಿಂಚು ಹೊಲಿಗೆ ಹಾಕಿ, ಸೂಜಿ ಬಟ್ಟೆ ಒಳಗೇ ಇಳಿದಿರೋ ಹಾಗೆ ಬಿಟ್ಟು ಸ್ವಿಚ್ ಆಫ್ ಮಾಡಿ ಮಲಗ್ತೀನಿ. ಬೆಳಿಗ್ಗೆ ಕೂತಾಗ ಶುರು ಮಾಡೋದು ಅಂತ ಏನೂ ಇರಲ್ಲ, ಆಗಲೇ ಶುರುವಾಗಿರೋದನ್ನ ಮುಂದುವರಿಸೋದು ಅಷ್ಟೇ. ಪೆಡಲ್ ಮೇಲೆ ಕಾಲಿಟ್ರೆ ಸಾಕು ಹೋಗ್ತಾ ಇರತ್ತೆ.

ಇದನ್ನ ಕೇಳಿ ಹೊಲಿಗೆ ಕಲಿಸಿದ ಅಕ್ಕ "ಸೂಜಿ ಬಟ್ಟೇಲಿ ಬಿಟ್ರೆ ತೂತು ಬೀಳತ್ತೆ, ಮಳೆಗಾಲದಲ್ಲಿ ತುಕ್ಕು ಹಿಡಿಯತ್ತೆ" ಅಂದ್ರು. ಮಾತು ಸರಿಯೇ, ಅದಕ್ಕೇ ಲೈನಿಂಗ್ ಮೇಲೆ ಮಾತ್ರ, ಸಿಲ್ಕ್ ಮೇಲೆ ಯಾವತ್ತೂ ಇಲ್ಲ. ಮೈಸೂರ್ ಸಿಲ್ಕ್ ಬ್ಲೌಸ್ ಇದ್ರೆ ರಾತ್ರೀನೇ 11ನೇ ನಂಬರಿನ ತೆಳು ಸೂಜಿ ಹಾಕಿ ಅದರ ಲೈನಿಂಗ್ ತುಂಡಲ್ಲೇ ನಿಲ್ಲಿಸ್ತೀನಿ.

ಶುರು ಮಾಡಿದ್ದು ಆಷಾಢದಲ್ಲಿ, ಬೇಕು ಅಂತಾನೇ. ಮದುವೆ ಇರಲ್ಲ, ಆರ್ಡರ್ ಕಮ್ಮಿ, ದಿನಕ್ಕೆ ಒಂದು ಬ್ಲೌಸ್ ಆದ್ರೂ ಯಾರೂ ಕೇಳಲ್ಲ. 2024ರಲ್ಲಿ ಜುಲೈ ಮೊದಲ ವಾರ ಆಷಾಢ ಬಂತು, ವರಮಹಾಲಕ್ಷ್ಮಿ ಆಗಸ್ಟ್ 16ಕ್ಕೆ, ಅಂದ್ರೆ ಹತ್ತಿರತ್ತಿರ ನಲವತ್ತು ದಿನ ಸಿಕ್ತು. ಹಬ್ಬದ ಹಿಂದಿನ ವಾರ ಎಲ್ಲಾರ ಮನೇಲೂ ರಾತ್ರಿ ಎರಡು ಗಂಟೆ ತನಕ ಮಷಿನ್ ಸದ್ದು, ನಾನು ಹತ್ತೂವರೆಗೆ ಮಲಗಿದ್ದೆ, ಇದನ್ನ ಹೆಮ್ಮೆಯಿಂದಾನೇ ಹೇಳ್ತೀನಿ. ಹೊಸ ಅಭ್ಯಾಸಾನ ಸೀಸನ್ನಲ್ಲಿ ಶುರು ಮಾಡಿದ ಯಾರಿಗೂ ಅದು ಉಳ್ಕೊಂಡಿದ್ದು ನಾನು ನೋಡಿಲ್ಲ.

ಆ ಮೇಲೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ತರಬೇತಿಗೆ ಹೋಗಿದ್ದೆ. ದರ್ಜಿಗಳೂ ಆ ಯೋಜನೆಯ 18 ಕಸುಬಲ್ಲಿ ಬರ್ತಾರೆ, ತರಬೇತಿಗೆ ದಿನಕ್ಕೆ 500, ಟೂಲ್‌ಕಿಟ್‌ಗೆ 15,000ದ ವೋಚರ್, ಇನ್ನೂ ಅರ್ಜಿ ಹಾಕದೇ ಇರೋರು ವಿಚಾರಿಸಿ. ಐದಾರು ದಿನ ಬೆಳಿಗ್ಗೆ ಹೊಲಿಗೆ ಇಲ್ಲ. ಹೋಯ್ತು ಎಲ್ಲ ಅಂದ್ಕೊಂಡ್ರು ಮನೇಲಿ, ಆದ್ರೆ ಆ ದಿನಗಳಲ್ಲೂ ರಾತ್ರಿ ನಾಲ್ಕಿಂಚು ಮಾತ್ರ ಬಿಟ್ಟಿರಲಿಲ್ಲ, ಅದೇ ಬಟ್ಟೆ, ಅದೇ ಜಾಗ, ಬಿಚ್ಚಿ ಮತ್ತೆ ಹಾಕ್ತಿದ್ದೆ. ತರಬೇತಿ ಮುಗಿದ ಮಾರನೇ ಬೆಳಿಗ್ಗೆ ಏನೂ ಆಗಿಲ್ಲ ಅನ್ನೋ ಹಾಗೆ ಕೂತೆ.

ಹಣದ ಲೆಕ್ಕ ಕೇಳ್ತೀರ, ಅಂದಾಜು ಹೇಳ್ತೀನಿ. ಮೊದಲು ವಾರಕ್ಕೆ ಎಂಟೊಂಬತ್ತು ಲೈನಿಂಗ್ ಬ್ಲೌಸ್, ಈಗ ಹದಿನಾಲ್ಕು ಹದಿನೈದು. ರೇಟು 400 ಇದ್ದದ್ದು 450 ಮಾಡ್ದೆ, ಡೇಟಿಗೆ ಸಿಗತ್ತೆ ಅನ್ನೋ ಕಾರಣಕ್ಕೆ ಯಾರೂ ಚೌಕಾಸಿ ಮಾಡಲಿಲ್ಲ. ದಾರ, ಲೈನಿಂಗ್, ಕರೆಂಟು, ಕೈಕೆಲಸದವರಿಗೆ ಕೊಡೋದು ಎಲ್ಲ ಕಳೆದು ಮೊದಲು ತಿಂಗಳಿಗೆ ಹತ್ತು ಹನ್ನೊಂದು ಸಾವಿರ ಉಳೀತಿದ್ದದ್ದು ಈಗ ಇಪ್ಪತ್ತರ ಹತ್ತಿರ ಉಳಿಯತ್ತೆ, ಸೀಸನ್ನಲ್ಲಿ ಇನ್ನೂ ಮೇಲೆ. ಆ ದುಡ್ಡಲ್ಲೇ ಮಷಿನ್ನಿನ ಹಳೇ ಕ್ಲಚ್ ಮೋಟಾರ್ ತೆಗೆಸಿ ಸದ್ದು ಕಮ್ಮಿ ಇರೋ ಸರ್ವೋ ಮೋಟಾರ್ ಹಾಕಿಸ್ದೆ, ಸದ್ದು ಕಮ್ಮಿ ಆಗಿದ್ದಕ್ಕೆ ಬೆಳಿಗ್ಗೆ ಮನೆಯವರ ತಕರಾರೂ ನಿಂತೋಯ್ತು.

ಕರೆಂಟ್ ಹೋದಾಗ ಕೂರೋದಕ್ಕೆ ಬೇರೆ ಬುಟ್ಟಿ ಇಟ್ಟಿದೀನಿ, ಅದರಲ್ಲಿ ಹೆಮ್ಮಿಂಗ್, ಹುಕ್, ಕಾಜ ಮಾತ್ರ. ಮಷಿನ್ ಓಡೋವಾಗ ಆ ಬುಟ್ಟಿ ಮುಟ್ಟಲ್ಲ. ಬಾಬಿನ್ ಭಾನುವಾರ ರಾತ್ರಿ ಒಟ್ಟಿಗೆ ತುಂಬಿಡೋದು, ಕಪ್ಪು, ಬಿಳಿ, ಮೆರೂನ್, ಹಸಿರು, ಕೆನೆ ಬಣ್ಣ. ಅಳತೆ ತಗೊಳ್ಳೋದು ಸೋಮವಾರ ಗುರುವಾರ ಮಧ್ಯಾಹ್ನ ಮಾತ್ರ, ಮೊದಮೊದಲು ಕೆಲವರು ಮುನಿಸ್ಕೊಂಡ್ರು, ಈಗ ಅವರೇ ಗುರುವಾರ ಬರ್ತಾರೆ. ಎಷ್ಟು ದಿನ ಮುಂದಕ್ಕೆ ಡೇಟ್ ಕೊಡಬೇಕು ಅನ್ನೋದಕ್ಕೆ ನನ್ನ ಪುಸ್ತಕದ ಕೊನೇ ಪುಟದಲ್ಲಿ ಒಂದು ಲೆಕ್ಕ ಇದೆ, ಅದನ್ನ ಇಲ್ಲಿ ಹೇಳಲ್ಲ, ಅದು ನನ್ನ ಅನ್ನ.

ಇದೇ ರೀತಿ ಬೇರೆದಕ್ಕೂ ಹಾಕಿ ನೋಡ್ದೆ. ಲೆಕ್ಕ ಬರೆಯೋದನ್ನ ಗಿರಾಕಿಗೆ ಕವರ್ ಕೊಡೋ ಕ್ಷಣಕ್ಕೆ ಗಂಟು ಹಾಕ್ದೆ, ಬರೆದೇ ಕವರ್ ಕೊಡೋದು, ಅದು ಚೆನ್ನಾಗಿ ನಿಂತಿದೆ. ಸಂಜೆ ವಾಕಿಂಗ್ ಮಾತ್ರ ಇನ್ನೂ ಅಭ್ಯಾಸವಾಗಿ ಕೂತಿಲ್ಲ, ನಮ್ಮನೇಲಿ ಸಂಜೆ ಒಂದು ದಿನ ಇದ್ದಂಗೆ ಇನ್ನೊಂದು ದಿನ ಇರಲ್ಲ, ಹಿಡಿಯೋದಕ್ಕೆ ಗೂಟವೇ ಸಿಗ್ತಿಲ್ಲ.

ಈಗ ನನ್ನ ಹತ್ರ ಹುಕ್ ಹಾಕೋದಕ್ಕೆ ಬರೋ ಹುಡುಗಿಗೂ ಕಲಿಸ್ತಿದೀನಿ. ಅವಳಿಗೆ ರಂಗೋಲಿ ಆಗಲ್ಲ, ಆ ಹೊತ್ತಿಗೆ ಮಕ್ಕಳ ಡಬ್ಬಿ ಕಟ್ಟೋದಿರತ್ತೆ, ಅದಕ್ಕೆ ಸ್ಕೂಲ್ ಆಟೋ ಹತ್ತಿಸಿ ಮನೆಗೆ ಬಂದು ಚಪ್ಪಲಿ ಬಿಟ್ಟ ತಕ್ಷಣ ಅಂತ ಇಟ್ಟಿದೀವಿ. ವಾರದ ದಿನ ಸರಿ ನಡೀತಿದೆ, ಶನಿವಾರ ಭಾನುವಾರ ಆಟೋ ಇಲ್ಲ, ಅವತ್ತು ಕೈಕೊಡತ್ತೆ. ಭಾನುವಾರಕ್ಕೆ ಬೇರೆ ಏನಾದ್ರೂ ಸಿಕ್ಕಿದ್ರೆ ನೀವೂ ಹೇಳಿ.