ಗ್ರ್ಯಾನ್ ಪ್ರಿ ಪಟ್ಟಿ ಬರುವ ಮೊದಲೇ ಊಹಿಸುವುದು ಹೇಗೆ: ಯಾವ ಸ್ಕೇಟರ್ ಯಾವ ಊರಿಗೆ?

ಫಿಗರ್ ಸ್ಕೇಟಿಂಗ್‌ನಲ್ಲಿ ಋತುವಿನ ಮೊದಲ ಕುತೂಹಲ ಮಂಜಿನ ಮೇಲಲ್ಲ, ಕಾಗದದ ಮೇಲೆ ಶುರುವಾಗುತ್ತದೆ. ಬೇಸಿಗೆಯಲ್ಲಿ, ಸಾಮಾನ್ಯವಾಗಿ ಮೇ ಕೊನೆಗೋ ಜೂನ್‌ನಲ್ಲೋ, ಅಂತರರಾಷ್ಟ್ರೀಯ ಸ್ಕೇಟಿಂಗ್ ಯೂನಿಯನ್ ಅಂದರೆ ಐಎಸ್‌ಯು, ಗ್ರ್ಯಾನ್ ಪ್ರಿ ಸರಣಿಯ ಆರು ಕೂಟಗಳಿಗೆ ಯಾರ‍್ಯಾರು ಎಲ್ಲೆಲ್ಲಿಗೆ ಎಂಬ ಪಟ್ಟಿ ಹೊರಡಿಸುತ್ತದೆ. ಆ ಪಟ್ಟಿಯನ್ನು ಮೊದಲೇ ಊಹಿಸಲು ಹೊರಟವರಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಯಾರು ಚೆನ್ನಾಗಿ ಸ್ಕೇಟ್ ಮಾಡುತ್ತಾರೆ ಎಂಬಲ್ಲಿಂದ ಆರಂಭಿಸುತ್ತಾರೆ. ಆರಂಭಿಸಬೇಕಾದ್ದು ಕ್ಯಾಲೆಂಡರಿನಿಂದ. ಇದು ಪ್ರತಿಭೆಯ ಪಟ್ಟಿಯಲ್ಲ. ವಾರ, ಜಾಗ, ದೇಶ ಮೂರನ್ನೂ ಹೊಂದಿಸುವ ಲೆಕ್ಕ.

ಮೊದಲು ಖಾಲಿ ಕೋಷ್ಟಕ

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಮೇಲಿನ ಸಾಲಿನಲ್ಲಿ ಆರು ಕೂಟಗಳನ್ನು ನಡೆಯುವ ಕ್ರಮದಲ್ಲೇ ಬರೆದು, ಪ್ರತಿಯೊಂದರ ಕೆಳಗೆ ತಾರೀಖು ಹಾಕಿ. 2025ರ ಸರಣಿಯನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಅಕ್ಟೋಬರ್ 17ರಿಂದ ಫ್ರಾನ್ಸ್‌ನ ಆಂಜೆ, 24ರಿಂದ ಚೀನಾದ ಚೋಂಗ್‌ಚಿಂಗ್, 31ರಿಂದ ಕೆನಡಾದ ಸಸ್ಕಟೂನ್, ನವೆಂಬರ್ 7ರಿಂದ ಜಪಾನಿನ ಒಸಾಕಾ, 14ರಿಂದ ಅಮೆರಿಕದ ಲೇಕ್ ಪ್ಲಾಸಿಡ್, 21ರಿಂದ ಫಿನ್ಲೆಂಡಿನ ಹೆಲ್ಸಿಂಕಿ. ಆರು ವಾರ, ಆರು ಊರು, ನಡುವೆ ಒಂದು ವಾರವೂ ಬಿಡುವಿಲ್ಲ. ಫೈನಲ್ ಡಿಸೆಂಬರ್ 4ರಿಂದ ನಗೋಯಾದಲ್ಲಿ. ಈ ಕ್ರಮ ವರ್ಷವರ್ಷವೂ ಬದಲಾಗುತ್ತದೆ. ಹಳೆಯ ಕ್ರಮವನ್ನು ಕಣ್ಣುಮುಚ್ಚಿ ನಕಲು ಮಾಡಿದರೆ ಮುಂದಿನ ಲೆಕ್ಕವೆಲ್ಲ ಬುಡಮೇಲಾಗುತ್ತದೆ.

ಇನ್ನು ಪ್ರತಿ ಕೂಟದ ಕೆಳಗೆ ಜಾಗಗಳನ್ನು ಗೆರೆ ಹಾಕಿ: ಪುರುಷರಿಗೆ 12, ಮಹಿಳೆಯರಿಗೆ 12, ಜೋಡಿಗಳಿಗೆ 8, ಐಸ್ ಡಾನ್ಸ್‌ಗೆ 10. ಮದುವೆ ಊಟದ ಪಂಕ್ತಿಯ ಹಾಗೆ: ಎಲೆ ಹನ್ನೆರಡೇ ಹಾಕಿದ್ದರೆ ಹದಿಮೂರನೆಯವರು ಎಷ್ಟೇ ಬೇಕಾದವರಾದರೂ ಮುಂದಿನ ಪಂಕ್ತಿಗೆ ಕಾಯಬೇಕು. ಒಬ್ಬ ಸ್ಕೇಟರಿಗೆ ಹೆಚ್ಚೆಂದರೆ ಎರಡು ಕೂಟ. ಒಂದು ಕೂಟದ ಒಂದು ವಿಭಾಗದಲ್ಲಿ ಒಂದು ದೇಶದಿಂದ ಹೆಚ್ಚೆಂದರೆ ಮೂವರು. ಇವೆರಡು ಮಿತಿಗಳನ್ನು ಕೋಷ್ಟಕದಲ್ಲೇ ಸೂತ್ರವಾಗಿ ಹಾಕಿಡಿ. ಒಬ್ಬ ಸ್ಕೇಟರಿನ ಅಡ್ಡ ಸಾಲಿನ ಮೊತ್ತ 2 ದಾಟಿದರೆ, ಕಂಬಸಾಲಿನಲ್ಲಿ ಒಂದೇ ದೇಶ 3 ದಾಟಿದರೆ ಕೆಂಪು ಬಣ್ಣ ಬರಲಿ. ಕೈಯಲ್ಲಿ ಎಣಿಸುತ್ತಾ ಹೋದರೆ ಐವತ್ತನೆಯ ಹೆಸರಿಗೆ ಬರುವಷ್ಟರಲ್ಲಿ ಎಲ್ಲೋ ಒಂದು ಕಡೆ ನಾಲ್ಕನೆಯ ಜಪಾನಿ ಸ್ಕೇಟರ್ ನುಸುಳಿರುತ್ತಾರೆ.

ಸೀಡ್‌ಗಳನ್ನು ಕೂರಿಸುವುದು

ಹಿಂದಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮೊದಲ ಆರು ಸ್ಥಾನ ಪಡೆದವರು ಸೀಡ್‌ಗಳು. ಅವರಿಗೆ ಎರಡೆರಡು ಕೂಟ ಖಚಿತ. ಈ ಆರು ಜನರನ್ನು ಮೂರು ಮೂರರ ಎರಡು ಗುಂಪಾಗಿ ನೋಡಬೇಕು. 1ರಿಂದ 3ನೇ ಸ್ಥಾನದವರು ಆರೂ ಕೂಟಗಳನ್ನು ತಮ್ಮಲ್ಲಿ ಹಂಚಿಕೊಳ್ಳುತ್ತಾರೆ, ಒಬ್ಬರ ದಾರಿಗೆ ಇನ್ನೊಬ್ಬರು ಬರುವುದಿಲ್ಲ. ಇಡೀ ಊಹೆಯ ಬೆನ್ನೆಲುಬು ಇದೇ ಆದ್ದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು.

2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಹಿಳೆಯರ ಕ್ರಮ ಹೀಗಿತ್ತು: ಅಲೀಸಾ ಲಿಯು, ಕಾವೊರಿ ಸಕಾಮೊಟೊ, ಮೋನೆ ಚಿಬಾ, ಇಸಾಬೊ ಲೆವಿಟೊ, ಆಂಬರ್ ಗ್ಲೆನ್, ವಾಕಾಬಾ ಹಿಗುಚಿ. ಆ ಶರತ್ಕಾಲದಲ್ಲಿ ಲಿಯು ಚೀನಾಕ್ಕೂ ಅಮೆರಿಕಕ್ಕೂ, ಸಕಾಮೊಟೊ ಫ್ರಾನ್ಸ್‌ಗೂ ಜಪಾನಿಗೂ, ಚಿಬಾ ಕೆನಡಾಕ್ಕೂ ಫಿನ್ಲೆಂಡಿಗೂ ಹೋದರು. ಈಗ ಇವನ್ನು ವಾರದ ಸಂಖ್ಯೆಯಲ್ಲಿ ಬರೆಯಿರಿ: 2 ಮತ್ತು 5, 1 ಮತ್ತು 4, 3 ಮತ್ತು 6. ಮೂವರಿಗೂ ಎರಡು ಕೂಟಗಳ ನಡುವೆ ಸರಿಯಾಗಿ ಮೂರು ವಾರ. ಐಸ್ ಡಾನ್ಸ್‌ನಲ್ಲೂ ಅದೇ ಅಚ್ಚು: ಮ್ಯಾಡಿಸನ್ ಚಾಕ್–ಎವನ್ ಬೇಟ್ಸ್ 2 ಮತ್ತು 5, ಪೈಪರ್ ಗಿಲ್ಸ್–ಪಾಲ್ ಪೊರಿಯೆ 3 ಮತ್ತು 6, ಲೈಲಾ ಫಿಯರ್–ಲೂಯಿಸ್ ಗಿಬ್ಸನ್ 1 ಮತ್ತು 4.

ಆರು ಕೂಟಗಳು ಬಿಡುವಿಲ್ಲದೆ ಸಾಲಾಗಿ ಬಂದಾಗ ಮೂವರಿಗೂ ಸಮನಾದ ಬಿಡುವು ಕೊಡುವ ಹಂಚಿಕೆ ಇದೊಂದೇ ಅಲ್ಲ. ಆದರೆ ದೂರ ಪ್ರಯಾಣ ಮಾಡಿ, ಸುಧಾರಿಸಿಕೊಂಡು, ತಪ್ಪಿದ ಜಂಪ್ ತಿದ್ದಿಕೊಳ್ಳಲು ಸಾಕಷ್ಟು ಸಮಯ ಉಳಿಸುವ ಹಂಚಿಕೆ ಇದು. ಹಾಗಾಗಿ ಊಹೆಯ ಮೊದಲ ಕರಡಿನಲ್ಲಿ ಮೊದಲ ಮೂವರನ್ನು 1–4, 2–5, 3–6 ಎಂದೇ ಕೂರಿಸಿ. ಆಮೇಲೆ ಯಾವ ಜೋಡಿ ವಾರ ಯಾರಿಗೆ ಎಂದು ನೋಡಿ. ತವರಿನ ಕೂಟ ಯಾವ ಜೋಡಿಯಲ್ಲಿದೆಯೋ ಅದನ್ನು ಆ ದೇಶದವರಿಗೆ ಕೊಡುವುದು ಸಹಜ. ಲಿಯುಗೆ ಅಮೆರಿಕದ ಜತೆ ಚೀನಾ, ಸಕಾಮೊಟೊಗೆ ಜಪಾನಿನ ಜತೆ ಫ್ರಾನ್ಸ್ ಬಂದದ್ದು ಹೀಗೆ. ಒಂದು ತವರು ಗೊತ್ತಾದರೆ ಎರಡನೆಯ ಊರು ತಾನಾಗಿ ಬೀಳುತ್ತದೆ. ಇಬ್ಬರು ಕೂತರೆ ಮೂರನೆಯವರಿಗೆ ಉಳಿದದ್ದೇ ಗತಿ: ಜಪಾನಿನ ಚಿಬಾಗೆ ಒಸಾಕಾ ಸಿಗಲಿಲ್ಲ, ಯಾಕೆಂದರೆ ಅಲ್ಲಿ ಸಕಾಮೊಟೊ ಇದ್ದರು.

ಈ ಅಚ್ಚು ಎಲ್ಲಿ ಮುರಿಯುತ್ತದೆ ಎಂಬುದನ್ನೂ ನೋಡಿ. ಅದೇ ವರ್ಷ ಪುರುಷರಲ್ಲಿ ಇಲಿಯಾ ಮಾಲಿನಿನ್ ಫ್ರಾನ್ಸ್ ಮತ್ತು ಕೆನಡಾ, ಮಿಖಾಯಿಲ್ ಶೈದೊರೊವ್ ಚೀನಾ ಮತ್ತು ಅಮೆರಿಕ, ಯೂಮಾ ಕಗಿಯಾಮಾ ಜಪಾನ್ ಮತ್ತು ಫಿನ್ಲೆಂಡ್. ಮೂವರೂ ಎಲ್ಲೂ ಎದುರಾಗಲಿಲ್ಲ, ಆ ನಿಯಮ ಗಟ್ಟಿಯಾಗಿ ನಿಂತಿತು. ವಾರಗಳು ಮಾತ್ರ 1–3, 2–5, 4–6 ಆದವು. ಅಮೆರಿಕದ ವಿಶ್ವ ಚಾಂಪಿಯನ್ ಅಮೆರಿಕದ ಕೂಟದಲ್ಲೇ ಇರಲಿಲ್ಲ. ಜೋಡಿ ವಿಭಾಗದ ವಿಶ್ವ ಚಾಂಪಿಯನ್ನರಾದ ಜಪಾನಿನ ರಿಕು ಮಿಯುರಾ–ರ್ಯೂಚಿ ಕಿಹಾರಾ ಫ್ರಾನ್ಸ್ ಮತ್ತು ಅಮೆರಿಕಕ್ಕೆ ಹೋದರು, ಒಸಾಕಾಕ್ಕೆ ಅಲ್ಲ. ಆದ್ದರಿಂದ ತವರು ಕೂಟ ಎಂಬುದನ್ನು ಒಲವಾಗಿ ಎಣಿಸಿ, ನಿಯಮವಾಗಿ ಅಲ್ಲ. ಮೊದಲ ಮೂವರು ಒಬ್ಬರನ್ನೊಬ್ಬರು ತಪ್ಪಿಸುವುದಕ್ಕೆ ಪೂರ್ತಿ ಅಂಕ ಕೊಡಿ, ಮೂರು ವಾರದ ಬಿಡುವಿಗೆ ಅದಕ್ಕಿಂತ ಕಡಿಮೆ, ತವರಿಗೆ ಇನ್ನೂ ಕಡಿಮೆ.

4ರಿಂದ 6ನೇ ಸ್ಥಾನದವರನ್ನು ಕೂರಿಸುವಾಗ ಅವರು ಮೊದಲ ಮೂವರಲ್ಲಿ ಯಾರನ್ನಾದರೂ ಎದುರಿಸಲೇಬೇಕು, ಯಾಕೆಂದರೆ ಆರೂ ಊರಿನಲ್ಲಿ ಒಬ್ಬೊಬ್ಬರು ಆಗಲೇ ಕೂತಿದ್ದಾರೆ. ಇಲ್ಲಿ ನೋಡಬೇಕಾದ್ದು ಒಬ್ಬರನ್ನೇ ಎರಡು ಸಲ ಎದುರಿಸದಂತೆ ಹಂಚುವುದು. ಗ್ಲೆನ್ ಚೀನಾದಲ್ಲಿ ಲಿಯು ಎದುರಿಗೆ, ಫಿನ್ಲೆಂಡಿನಲ್ಲಿ ಚಿಬಾ ಎದುರಿಗೆ ಬಂದರು. ಚೋಂಗ್‌ಚಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಲಿಯು ಅವರನ್ನು ಹಿಂದಿಕ್ಕಿ ಗೆದ್ದದ್ದು ಗ್ಲೆನ್.

ಆತಿಥೇಯರ ಮೂರು ಜಾಗ

ಸೀಡ್‌ಗಳಾದ ಮೇಲೆ ಪ್ರತಿ ಕೂಟದಲ್ಲೂ ಆತಿಥೇಯ ದೇಶಕ್ಕೆ ಮೂರು ಜಾಗ ಎತ್ತಿಡಿ. ಆ ದೇಶದ ಸೀಡ್ ಅಲ್ಲಿ ಆಗಲೇ ಕೂತಿದ್ದರೆ ಅವರೂ ಈ ಮೂರರೊಳಗೇ ಬರುತ್ತಾರೆ. ಲೇಕ್ ಪ್ಲಾಸಿಡ್‌ನಲ್ಲಿ ಲಿಯು ಇದ್ದ ಮೇಲೆ ಅಮೆರಿಕಕ್ಕೆ ಉಳಿದದ್ದು ಎರಡೇ. ಇದನ್ನು ಮರೆತು ನಾಲ್ಕು ಅಮೆರಿಕನ್ನರನ್ನು ಬರೆಯುವುದು ಹೊಸಬರ ಮಾಮೂಲು ತಪ್ಪು. ಆತಿಥೇಯರು ಒಂದು ಹೆಸರನ್ನು ತಕ್ಷಣ ಹೇಳದೆ, ಬೇಸಿಗೆಯ ಸ್ಪರ್ಧೆಗಳನ್ನು ನೋಡಿಕೊಂಡು ಆಮೇಲೆ ತುಂಬುವುದೂ ಉಂಟು. ನಿಮ್ಮ ಕೋಷ್ಟಕದಲ್ಲೂ ಅಂಥ ಒಂದು ಜಾಗವನ್ನು ಖಾಲಿ ಬಿಟ್ಟರೆ ತಪ್ಪಲ್ಲ.

ಜಪಾನ್, ಅಮೆರಿಕಗಳಿಗೆ ಈ ಮೂರು ಜಾಗ ಸಾಲುವುದೇ ಇಲ್ಲ. ಸ್ಕೇಟರುಗಳ ಸಾಲು ಚಿಕ್ಕದಾದ ಆತಿಥೇಯ ದೇಶಕ್ಕೆ ಕೆಲವು ವಿಭಾಗಗಳಲ್ಲಿ ಮೂರೂ ತುಂಬುವುದು ಕಷ್ಟ. ಅಲ್ಲಿ ಬಿಟ್ಟುಹೋದ ಜಾಗಗಳೇ ಪಟ್ಟಿಯ ಕೆಳಗಿನವರಿಗೆ ಸಿಗುವ ಅವಕಾಶ. ಮೊದಲ ಸಲ ಗ್ರ್ಯಾನ್ ಪ್ರಿಗೆ ಬರುವವರನ್ನು ಊಹಿಸಬೇಕಾದರೆ ಮೊದಲು ಈ ಕೂಟಗಳ ಕಡೆ ನೋಡಿ.

ಉಳಿದವರನ್ನು ತುಂಬುವುದು

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 7ರಿಂದ 12ನೇ ಸ್ಥಾನದವರಿಗೆ ಬಹುಮಟ್ಟಿಗೆ ಎರಡು ಕೂಟ ಸಿಗುತ್ತವೆ. ಅವರನ್ನು ಎರಡೆರಡು ಕಡೆ ಹಾಕಿ. ಆಮೇಲೆ ಎರಡು ಪಟ್ಟಿ ಬೇಕು: ಐಎಸ್‌ಯುನ ವಿಶ್ವ ಶ್ರೇಯಾಂಕ, ಮತ್ತು ಹಿಂದಿನ ಋತುವಿನ ಅತ್ಯುತ್ತಮ ಅಂಕಗಳ ಪಟ್ಟಿ. ಎರಡರಲ್ಲೂ ಮೊದಲ 24 ಹೆಸರುಗಳಿಗೆ ಗುರುತು ಹಾಕಿ. ಎರಡೂ ಕಡೆ ಇರುವವರನ್ನು ಮೊದಲು, ಒಂದರಲ್ಲಿ ಮಾತ್ರ ಇರುವವರನ್ನು ಆಮೇಲೆ, ಒಂದೊಂದು ಕೂಟಕ್ಕೆ ಕೂರಿಸಿ. ಎರಡನೆಯ ಕೂಟ ಕೊಡುವುದು ಜಾಗ ಉಳಿದರೆ ಮಾತ್ರ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಅಂಕಗಳನ್ನು ಈ ಲೆಕ್ಕಕ್ಕೆ ತರಲೇಬೇಡಿ. ಅಲ್ಲಿ ತೀರ್ಪುಗಾರರು ಕೈಬಿಚ್ಚಿ ಅಂಕ ಕೊಡುತ್ತಾರೆ, ಐಎಸ್‌ಯು ಪಟ್ಟಿಗೆ ಅವು ಸೇರುವುದಿಲ್ಲ. ಗ್ರ್ಯಾನ್ ಪ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ಅಂತರರಾಷ್ಟ್ರೀಯ ಕೂಟಗಳಾದ ಚಾಲೆಂಜರ್ ಸರಣಿಯ ಅಂಕಗಳು ಸೇರುತ್ತವೆ.

ಕನಿಷ್ಠ ಅಂಕದ ಬಾಗಿಲೂ ಒಂದಿದೆ. ವಿಶ್ವ ಚಾಂಪಿಯನ್‌ಷಿಪ್ ಗೆದ್ದವರ ಅಂಕದ ಐದರಲ್ಲಿ ಮೂರು ಪಾಲು ಎಂಬುದು ಅದರ ಅಳತೆಗೋಲು. 2015ರಲ್ಲಿ ಎಲಿಜವೇಟಾ ತುಕ್ತಮಿಶೆವಾ 210.36ಕ್ಕೆ ಗೆದ್ದಾಗ ಮಹಿಳೆಯರ ಬಾಗಿಲು 126.22ಕ್ಕೆ ನಿಂತಿತು. ಆತಿಥೇಯರ ಆಯ್ಕೆಗೂ ಈ ಬಾಗಿಲು ಅಡ್ಡ ಬರುತ್ತದೆ.

ಅಂಕದಷ್ಟೇ ವಯಸ್ಸನ್ನೂ ನೋಡಿ. 2024–25ರಿಂದ ಹಿರಿಯರ ವಿಭಾಗಕ್ಕೆ ಜುಲೈ 1ಕ್ಕೆ 17 ತುಂಬಿರಬೇಕು. ಕಿರಿಯರ ವಿಶ್ವ ಚಾಂಪಿಯನ್‌ಷಿಪ್ ಅನ್ನು 2023, 2024, 2025ರಲ್ಲಿ ಸತತವಾಗಿ ಗೆದ್ದ ಮಾವೊ ಶಿಮಾಡಾ ಹುಟ್ಟಿದ್ದು 2008ರ ಅಕ್ಟೋಬರ್‌ನಲ್ಲಿ. ಹಾಗಾಗಿ 2025ರ ಗ್ರ್ಯಾನ್ ಪ್ರಿ ಪಟ್ಟಿಗೆ ಅವರ ಹೆಸರು ಬರೆಯುವಂತಿರಲಿಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಹುಟ್ಟಿದ ಅಮಿ ನಕಾಯ್ ಒಳಗೆ ಬಂದರು, ಆಂಜೆಯಲ್ಲಿ ಸಕಾಮೊಟೊ ಅವರನ್ನೇ ಹಿಂದಿಕ್ಕಿ ಗೆದ್ದರು. ಆರು ತಿಂಗಳ ವ್ಯತ್ಯಾಸ ಒಬ್ಬರಿಗೆ ಇಡೀ ಋತು ಕೊಟ್ಟಿತು. ಕಿರಿಯರಿಂದ ಮೇಲೆ ಬರುವ ಪ್ರತಿ ಹೆಸರಿನ ಪಕ್ಕ ಹುಟ್ಟಿದ ದಿನ ಬರೆದಿಡಿ.

ಶ್ರೇಯಾಂಕ ಸುಳ್ಳು ಹೇಳುವ ಇನ್ನೊಂದು ಜಾಗ ಮರಳಿ ಬರುವವರದ್ದು. 2022ರಲ್ಲಿ ವಿಶ್ವ ಕಂಚು ಗೆದ್ದು ನಿವೃತ್ತಿ ಹೇಳಿದ್ದ ಲಿಯು 2024–25ರಲ್ಲಿ ಮರಳಿದಾಗ ಹಿಂದಿನ ಋತುವಿನ ಅಂಕವೇ ಇರಲಿಲ್ಲ. ಆದರೂ 2024ರಲ್ಲಿ ಕೆನಡಾ ಮತ್ತು ಜಪಾನ್ ಎರಡೂ ಸಿಕ್ಕವು. ಹಳೆಯ ಜತೆ ಬಿಟ್ಟು ಹೊಸ ಜತೆ ಕಟ್ಟಿಕೊಂಡವರದ್ದೂ ಹೀಗೆಯೇ. ಐಸ್ ಡಾನ್ಸ್‌ನ ಲಾರೆನ್ಸ್ ಫೂರ್ನಿಯೆ ಬೊಡ್ರಿ–ಗಿಯೋಮ್ ಸಿಜೆರೊನ್ ಒಟ್ಟಾಗಿ ಒಂದೂ ಸ್ಪರ್ಧೆ ಆಡದೆ 2025ಕ್ಕೆ ಬಂದವರು. ಫ್ರಾನ್ಸ್, ಫಿನ್ಲೆಂಡ್ ಎರಡೂ ಸಿಕ್ಕವು, ಎರಡನ್ನೂ ಗೆದ್ದರು. ಪಟ್ಟಿಯಲ್ಲಿ ಇಲ್ಲದ ದೊಡ್ಡ ಹೆಸರುಗಳಿಗೆ ಬೇರೆಯೇ ಒಂದು ಹಾಳೆ ಇಡಿ.

ಒಲಿಂಪಿಕ್ಸ್ ವರ್ಷದ ಬಳಿಕದ ಊಹೆ ಎಲ್ಲಕ್ಕಿಂತ ಕಷ್ಟ. 2022ರ ವಿಶ್ವ ಚಾಂಪಿಯನ್‌ಷಿಪ್ ನಡೆದ ಮೊಂಪೆಲಿಯೆಗೆ ಒಲಿಂಪಿಕ್ ಚಾಂಪಿಯನ್ನರಾದ ನೇಥನ್ ಚೆನ್, ಯುಜುರು ಹನ್ಯು ಇಬ್ಬರೂ ಬರಲಿಲ್ಲ. ಶೋಮಾ ಉನೊ ಗೆದ್ದರು. ಅಂಥ ವರ್ಷದಲ್ಲಿ ಸೀಡ್ ಪಟ್ಟಿಯಲ್ಲಿರುವ ಪ್ರತಿಯೊಬ್ಬರೂ ಮುಂದುವರಿಯುತ್ತಾರೆಯೇ ಎಂದು ವಿಚಾರಿಸಿಕೊಳ್ಳದೆ ಒಂದು ಹೆಸರನ್ನೂ ಕೂರಿಸಬೇಡಿ. ಸೀಡ್ ಒಬ್ಬರು ಬಿಟ್ಟರೆ ಎರಡು ಊರಿನ ಹಂಚಿಕೆ ಅಲುಗಾಡುತ್ತದೆ. ರಷ್ಯಾ, ಬೆಲರೂಸ್ ಸ್ಕೇಟರುಗಳು 2022ರ ಮಾರ್ಚ್‌ನಿಂದ 2025ರ ಸರಣಿಯವರೆಗೆ ಗ್ರ್ಯಾನ್ ಪ್ರಿಯಿಂದ ಹೊರಗಿದ್ದರು. ಆ ಸ್ಥಿತಿಯನ್ನು ಪ್ರತಿ ಋತುವಿನ ಆರಂಭದಲ್ಲಿ ಮತ್ತೆ ನೋಡಿಕೊಳ್ಳಬೇಕು.

ವಿಶ್ವ ಚಾಂಪಿಯನ್‌ಷಿಪ್‌ಗೆ ಬೇರೆ ಲೆಕ್ಕ

ಈ ಕೋಷ್ಟಕವನ್ನು ವಿಶ್ವ ಚಾಂಪಿಯನ್‌ಷಿಪ್‌ಗೆ ಬಳಸಲು ಹೋಗಬೇಡಿ. ಅಲ್ಲಿ ಆಹ್ವಾನ ಸ್ಕೇಟರಿಗಲ್ಲ, ದೇಶಕ್ಕೆ. ಹಿಂದಿನ ವರ್ಷ ದೇಶದ ಮೊದಲ ಇಬ್ಬರ ಸ್ಥಾನ ಕೂಡಿದರೆ 13 ಅಥವಾ ಕಡಿಮೆ ಬಂದರೆ ಮೂರು ಜಾಗ, 28ರವರೆಗೆ ಎರಡು, ಅದಕ್ಕಿಂತ ಹೆಚ್ಚಾದರೆ ಒಂದು. ಒಬ್ಬರೇ ಹೋಗಿದ್ದರೆ ಮೊದಲ ಎರಡರಲ್ಲಿ ಬಂದರೆ ಮೂರು, ಹತ್ತರೊಳಗೆ ಬಂದರೆ ಎರಡು. ಮೊದಲ ಸುತ್ತಾದ ಶಾರ್ಟ್ ದಾಟಿ ಎರಡನೆಯ ಸುತ್ತಾದ ಫ್ರೀ ಸ್ಕೇಟ್ ತಲುಪಿ 16ಕ್ಕಿಂತ ಕೆಳಗೆ ಉಳಿದವರಿಗೆ 16 ಎಂದೇ ಎಣಿಕೆ, ಫ್ರೀ ಸ್ಕೇಟ್ ತಲುಪದವರಿಗೆ 18. ಬಾಸ್ಟನ್‌ನಲ್ಲಿ ಅಮೆರಿಕದ ಮಹಿಳೆಯರದ್ದು 1+4, ಜಪಾನಿನದ್ದು 2+3. ಎರಡೂ 5, ಎರಡಕ್ಕೂ ಮೂರು ಜಾಗ. ಯಾರನ್ನು ಕಳಿಸುವುದು ಎಂಬುದು ಆಯಾ ದೇಶದ ಸಂಸ್ಥೆಯ ತೀರ್ಮಾನ. ಊಹೆ ಮಾಡುವವರು ಆ ದೇಶದ ಆಯ್ಕೆ ಮಾನದಂಡ ಓದಬೇಕು.

ಯುರೋಪಿನ ಹೊರಗಿನವರ ಚಾಂಪಿಯನ್‌ಷಿಪ್ ಆದ ಫೋರ್ ಕಾಂಟಿನೆಂಟ್ಸ್‌ನಲ್ಲಿ ಈ ಕೂಡುವ ಲೆಕ್ಕವೂ ಇಲ್ಲ. ಯುರೋಪಿನ ಹೊರಗಿನ ದೇಶಗಳು ಒಂದು ವಿಭಾಗಕ್ಕೆ ಮೂವರವರೆಗೆ ಕಳಿಸಬಹುದು, ಪ್ರತಿಯೊಬ್ಬರಿಗೂ ಶಾರ್ಟ್ ಮತ್ತು ಫ್ರೀ ಎರಡರಲ್ಲೂ ಕನಿಷ್ಠ ತಾಂತ್ರಿಕ ಅಂಕ, ಅಂದರೆ ಜಂಪ್, ಸ್ಪಿನ್‌ನಂಥವುಗಳಿಗೆ ಸಿಗುವ ಅಂಕ, ಇರಬೇಕು. ಎರಡನ್ನೂ ಒಂದೇ ಕೂಟದಲ್ಲಿ ಗಳಿಸಬೇಕೆಂದಿಲ್ಲ. ಭಾರತದ ತಾರಾ ಪ್ರಸಾದ್ ಈ ಕೂಟದಲ್ಲಿ ಸ್ಕೇಟ್ ಮಾಡಿದ್ದಾರೆ. ನಮ್ಮವರು ಯಾರು ಹೋಗಬಹುದು ಎಂದು ಊಹಿಸುವುದಕ್ಕೆ ಶ್ರೇಯಾಂಕ ಬೇಡ, ಅವರು ಆಡಿದ ಅಂತರರಾಷ್ಟ್ರೀಯ ಕೂಟಗಳ ಅಂಕಪಟ್ಟಿಯಲ್ಲಿ ತಾಂತ್ರಿಕ ಅಂಕದ ಸಾಲನ್ನು ನೋಡಿದರೆ ಸಾಕು.

ಪಟ್ಟಿ ಬಂದ ಮೇಲೆ

ನಿಜವಾದ ಪಟ್ಟಿ ಬಂದ ದಿನ ನಿಮ್ಮ ಕೋಷ್ಟಕದ ಪಕ್ಕದಲ್ಲೇ ಅದನ್ನೂ ಬರೆದು, ತಪ್ಪಿದ ಪ್ರತಿ ಹೆಸರಿಗೆ ಕಾರಣದ ಒಂದು ಪದ ಹಾಕಿ: ವಾರ, ದೇಶ, ವಯಸ್ಸು, ಆತಿಥೇಯ, ಮರಳಿಕೆ. ಹೆಸರು ಎಷ್ಟು ಸರಿಯಾಯಿತು ಎಂಬುದನ್ನೂ ಊರು ಎಷ್ಟು ಸರಿಯಾಯಿತು ಎಂಬುದನ್ನೂ ಬೇರೆ ಬೇರೆ ಎಣಿಸಿ. ಹೆಸರು ಹಿಡಿಯುವುದು ಸುಲಭ, ಊರು ಹಿಡಿಯುವುದು ಕಷ್ಟ, ಎರಡನ್ನೂ ಬೆರೆಸಿದರೆ ಎಲ್ಲಿ ಸೋತಿರಿ ಎಂದು ತಿಳಿಯುವುದಿಲ್ಲ. ಅಕ್ಟೋಬರ್‌ವರೆಗೂ ಗಾಯ, ವೀಸಾ, ಹಿಂದೆ ಸರಿಯುವಿಕೆಗಳಿಂದ ಪಟ್ಟಿ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಹೋಲಿಕೆಗೆ ಮೊದಲ ದಿನದ ಪಟ್ಟಿಯ ಪ್ರತಿಯನ್ನೇ ಉಳಿಸಿಕೊಂಡಿರಿ. ಯಾರಾದರೂ ಬಿಟ್ಟಾಗ ಬದಲಿಯಾಗಿ ಬರುವವರು ಹೆಚ್ಚಾಗಿ ಒಂದೇ ಕೂಟ ಸಿಕ್ಕಿದ್ದವರು. ಎರಡನೆಯ ಕೂಟ ಸಿಗದೆ ಉಳಿದವರ ಹೆಸರುಗಳನ್ನು ಶ್ರೇಯಾಂಕದ ಕ್ರಮದಲ್ಲಿ ಒಂದು ಸಾಲು ಮಾಡಿ ಇಟ್ಟಿದ್ದರೆ, ಖಾಲಿಯಾದ ವಾರದಲ್ಲಿ ಯಾರಿಗೆ ಬಿಡುವಿದೆ ಎಂದು ನೋಡಿ ಹೊಸ ಹೆಸರನ್ನು ಪ್ರಕಟಣೆಗೆ ಮೊದಲೇ ಹೇಳಬಹುದು.