ತೀರ್ಥಹಳ್ಳಿಯ ಅಡುಗೆಮನೆಯಲ್ಲಿ 1944ರ ಮೈ ಟೈ

ಮೈ ಟೈ ಎಂಬ ರಮ್ ಕಾಕ್‌ಟೇಲ್ ಎಂದೊಡನೆ ಅನಾನಸ್ ರಸ ತುಂಬಿ, ಮೇಲೊಂದು ಕಾಗದದ ಕೊಡೆ ಸಿಕ್ಕಿಸಿದ ಲೋಟವೇ ಹೆಚ್ಚಿನವರ ನೆನಪಿಗೆ ಬರುತ್ತದೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ‘ಟ್ರೇಡರ್ ವಿಕ್’ ಎಂದೇ ಹೆಸರಾಗಿದ್ದ ವಿಕ್ಟರ್ ಬರ್ಜೆರಾನ್ 1944ರಲ್ಲಿ ಬೆರೆಸಿದ ಪಾನೀಯದಲ್ಲಿ ಅನಾನಸ್ ಇರಲೇ ಇಲ್ಲ. ಅದು ಸೇರಿಕೊಂಡದ್ದು ಹವಾಯಿಗೆ ಹೋದ ಮೇಲೆ. 17 ವರ್ಷ ಹಳೆಯ ಜಮೈಕಾ ರಮ್, ಕ್ಯುರಸಾವೊ ಎಂಬ ಕಹಿ ಕಿತ್ತಳೆ ಸಿಪ್ಪೆಯ ಸಿಹಿ ಮದ್ಯ, ಓರ್ಜಾ ಎಂಬ ಬಾದಾಮಿ ಪಾಕ, ಕಲ್ಲುಸಕ್ಕರೆ ಪಾಕ, ಒಂದು ನಿಂಬೆಹಣ್ಣು, ಇಷ್ಟೇ ಅದರ ಬಂಡವಾಳ. ನಾನು ಮನೆಯಲ್ಲಿ ಮಾಡಿಕೊಳ್ಳಬೇಕೆಂದು ಹೊರಟಿದ್ದು ಇದನ್ನೇ.

ಬರ್ಜೆರಾನ್ ಬಳಸಿದ ರಮ್ ಅವನ ಕಾಲದಲ್ಲೇ ಮುಗಿದುಹೋಗಿ, ಅವನೇ ಬೇರೆ ರಮ್‌ಗಳನ್ನು ಬೆರೆಸಿ ಆ ರುಚಿಯನ್ನು ಹಿಡಿಯಬೇಕಾಯಿತು. ಹಾಗಿರುವಾಗ ನಾವು ಅದೇ ಬಾಟಲಿಗಾಗಿ ಹಂಬಲಿಸುವುದಕ್ಕಿಂತ, ಆ ರಮ್ ಲೋಟದಲ್ಲಿ ಏನು ಕೆಲಸ ಮಾಡುತ್ತಿತ್ತು ಎಂದು ನೋಡುವುದೇ ಸರಿ. ದೀರ್ಘಕಾಲ ಹುಳಿಯಲು ಬಿಟ್ಟು, ಹಂಡೆಯಂಥ ಪಾತ್ರೆಯಲ್ಲಿ ಬಟ್ಟಿ ಇಳಿಸುವ ಜಮೈಕಾ ರಮ್‌ಗೆ ಎಸ್ಟರ್ ಎಂಬ ಪರಿಮಳದ ರಾಸಾಯನಿಕಗಳಿಂದಾಗಿ ಮಾಗಿ ಕಳಿತ ಹಣ್ಣಿನ ವಾಸನೆ ಬರುತ್ತದೆ. ಓಲ್ಡ್ ಮಾಂಕ್‌ನಲ್ಲಿ ವೆನಿಲಾದಂಥ ಪರಿಮಳವೂ ಸಿಹಿಯೂ ಇದೆಯೇ ಹೊರತು ಆ ವಾಸನೆ ಇಲ್ಲ. ಹಾಗಾಗಿ ಚೆನ್ನಾಗಿ ಕಳಿತ ಪುಟ್ಟಬಾಳೆ ಹಣ್ಣೊಂದನ್ನು ಬಿಲ್ಲೆಗಳಾಗಿ ಹೆಚ್ಚಿ ಒಂದು ಕ್ವಾರ್ಟರ್ ಓಲ್ಡ್ ಮಾಂಕ್‌ನಲ್ಲಿ ಹಾಕಿ, ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ಹಿಂಡದೆ ಬಟ್ಟೆಯಲ್ಲಿ ಸೋಸಿಕೊಂಡೆ. ಹಿಂಡಿದರೆ ರಮ್ ಬಗ್ಗಡವಾಗುತ್ತದೆ. ಇದರ ಜೊತೆಗೆ ಬೆಲ್ಲದ ರಮ್ಮನ್ನೂ ಕೆರಿಬಿಯನ್ ರಮ್‌ಗಳನ್ನೂ ಬೆರೆಸಿ ಬೆಂಗಳೂರಿನ ಅಮೃತ್‌ನವರು ತಯಾರಿಸುವ ಟೂ ಇಂಡೀಸ್ ಅನ್ನು ಸಮಸಮ ಸೇರಿಸಿದರೆ ಮೂಲದ ಛಾಯೆ ಸಾಕಷ್ಟು ಬರುತ್ತದೆ.

ಕ್ಯುರಸಾವೊಗೆ ಬದಲಾಗಿ ಮಲೆನಾಡಿನಲ್ಲಿ ನಿಂಬೆ ಜಾತಿಯ ಹೇರಳೆಕಾಯಿ ಇದೆ. ಒಳಗಿನ ಬಿಳಿ ಬಾರದಂತೆ ಹೊರಸಿಪ್ಪೆಯನ್ನಷ್ಟೇ ತೆಳ್ಳಗೆ ಹೆರೆದು, ಒಣಗಿಸಿ, ಕಿತ್ತಳೆ ಸಿಪ್ಪೆಯೊಂದಿಗೆ ಒಂದು ವಾರ ಬ್ರಾಂದಿಯಲ್ಲಿ ನೆನೆಸಿಟ್ಟು, ಸೋಸಿ ಸಕ್ಕರೆ ಪಾಕ ಬೆರೆಸಿದೆ. ಮಳೆಗಾಲದಲ್ಲಿ ಸಿಪ್ಪೆ ಬಿಸಿಲಿಗೆ ಒಣಗುವ ಮಾತೇ ಇಲ್ಲ, ಒಲೆಯ ಮೇಲಿನ ಅಟ್ಟವೇ ಗತಿ.

ಹೆಚ್ಚು ಗಮನ ಬೇಡುವುದು ಓರ್ಜಾ. 100 ಗ್ರಾಂ ಬಾದಾಮಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಬೆರಳಿನಿಂದ ಒತ್ತಿದಾಗ ಸಿಪ್ಪೆ ಜಾರಿ ಬರುತ್ತದೆ. 200 ಮಿ.ಲೀ. ನೀರು ಹಾಕಿ ತರಿತರಿಯಾಗಿ ರುಬ್ಬಿ, ಒಂದೆರಡು ಗಂಟೆ ಬಿಟ್ಟು, ಹಳೆಯ ಪಂಚೆಯ ತುಂಡಿನಲ್ಲಿ ಬಿಗಿಯಾಗಿ ಹಿಂಡಬೇಕು. ಬಂದ ಹಾಲಿನಷ್ಟೇ ತೂಕದ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗಿಸಬೇಕು; ಕುದಿ ಬಂದರೆ ಎಣ್ಣೆ ಬೇರ್ಪಟ್ಟು ಮೇಲೆ ತೇಲುತ್ತದೆ. ಆರಿದ ಮೇಲೆ ಎರಡು ಹನಿ ಗುಲಾಬಿ ನೀರು, ಬೇಗ ಕೆಡದಿರಲೆಂದು ಒಂದು ಚಮಚ ರಮ್. ರಮ್ ಸೇರಿದ ಮೇಲೆ ಬಾಟಲಿಗೆ ಚೀಟಿ ಅಂಟಿಸುವುದು ಕಡ್ಡಾಯ, ಬಾದಾಮಿ ಹಾಲೆಂದು ಮನೆಯ ಮಕ್ಕಳು ಕೈಹಾಕುವ ಸರಕು ಇದು.

ಬೆರೆಸುವ ಅಳತೆ ಸುಲಭ. ಮೂಲದ ಎರಡು ಔನ್ಸ್ ರಮ್ ಎಂದರೆ ಹೆಚ್ಚುಕಡಿಮೆ ನಮ್ಮ ಲಾರ್ಜ್ ಪೆಗ್, 60 ಮಿ.ಲೀ. ಕ್ಯುರಸಾವೊ ಮತ್ತು ಓರ್ಜಾ ತಲಾ 15 ಮಿ.ಲೀ. ನಮ್ಮ ನಿಂಬೆಹಣ್ಣು ಚಿಕ್ಕದಾದ್ದರಿಂದ ಒಂದೂವರೆ ಹಣ್ಣು ಬೇಕಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಲಟ್ಟಣಿಗೆಯಿಂದ ಜಜ್ಜಿದ ಐಸ್‌ನೊಂದಿಗೆ ಎಲ್ಲವನ್ನೂ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ಸೋಸದೆ ಐಸ್ ಸಮೇತ ಲೋಟಕ್ಕೆ ಸುರಿದು, ಹಿಂಡಿದ ನಿಂಬೆ ಹೋಳನ್ನೂ ಅಂಗೈಯಲ್ಲಿ ತಟ್ಟಿದ ಪುದೀನ ಕುಡಿಯನ್ನೂ ಮೇಲಿಡಬೇಕು.

ಬರ್ಜೆರಾನ್ 7.5 ಮಿ.ಲೀ.ಯಷ್ಟು ಕಲ್ಲುಸಕ್ಕರೆ ಪಾಕವನ್ನೂ ಹಾಕುತ್ತಿದ್ದ. ಶಿವಮೊಗ್ಗದ ಗಾಂಧಿ ಬಜಾರಿನಿಂದ ಕಲ್ಲುಸಕ್ಕರೆ ತಂದು ಪಾಕವನ್ನೂ ಮಾಡಿದ್ದೆ. ಆದರೆ ಆ ಅಳತೆ ಅವನ ರಮ್ಮಿಗೆ ಹೊಂದಿಸಿದ್ದು; ಓಲ್ಡ್ ಮಾಂಕ್ ಬೆರೆತ ಲೋಟಕ್ಕೆ ಅದನ್ನೂ ಹಾಕಿದರೆ ಹೇರಳೆಯ ಕಹಿ ಪೂರಾ ಮುಚ್ಚಿಹೋಗುತ್ತದೆ. ಹಾಗಾಗಿ ನಾನು ಆ ಪಾಕವನ್ನು ಕೈಬಿಟ್ಟಿದ್ದೇನೆ.